ಕೊರಳಿಗೆ ಸೀಸ ಬೇಡ ಎಂದ ಹುಡುಗ: ತೆವೆಸ್ತೆಯ ಮ್ಯಾಕ್ಸಿಮಿಲಿಯನ್ ಪ್ರಕರಣ

ಐದು ಅಡಿ ಹತ್ತು ಅಂಗುಲ. ಅಳತೆ ಹಿಡಿದ ಗುಮಾಸ್ತ ಎಲ್ಲರಿಗೂ ಕೇಳುವ ಹಾಗೆ ಓದಿದ. ರೋಮನ್ನರ ಅಡಿ ಈಗಿನ ಅಡಿಗಿಂತ ಸ್ವಲ್ಪ ಚಿಕ್ಕದು. ನಮ್ಮ ಲೆಕ್ಕದಲ್ಲಿ ಅದು ಸುಮಾರು 173 ಸೆಂಟಿಮೀಟರ್. ಮುಂದೆ 367ರಲ್ಲಿ ಬಂದ ಒಂದು ಕಾನೂನು ಸೈನಿಕನಾಗಲು ಐದು ಅಡಿ ಏಳು ಅಂಗುಲ ಸಾಕು ಎನ್ನುತ್ತದೆ. ಅಂದರೆ ಹುಡುಗ ಬೇಕಾದ್ದಕ್ಕಿಂತ ಜಾಸ್ತಿಯೇ ಎತ್ತರ ಇದ್ದ. ಅವನನ್ನು ಬೇಡ ಅನ್ನಲು ಸೇನೆಗೆ ಯಾವ ಕಾರಣವೂ ಇರಲಿಲ್ಲ. ಬೇಡ ಅಂದವನು ಹುಡುಗನೇ.

ಅವತ್ತು ಕ್ರಿ.ಶ. 295ರ ಮಾರ್ಚ್ 12. ಊರು ತೆವೆಸ್ತೆ. ಈಗಿನ ಅಲ್ಜೀರಿಯಾದಲ್ಲಿ, ಟ್ಯುನೀಸಿಯಾ ಗಡಿಯ ಹತ್ತಿರ ಇರುವ ತೆಬೆಸ್ಸಾ. ಊರ ನಡುವಿನ ಚೌಕದಲ್ಲಿ ವಿಚಾರಣೆ. ಕೂತು ಕೇಳುತ್ತಿದ್ದವನು ಆ ಪ್ರಾಂತದ ಅಧಿಕಾರಿ, ಪ್ರೊಕಾನ್ಸಲ್ ಡಿಯೋನ್. ಎದುರಿಗೆ ನಿಂತವನು ಮ್ಯಾಕ್ಸಿಮಿಲಿಯನ್. ಅವನಿಗೆ ಎಷ್ಟು ವಯಸ್ಸು ಅಂತ ದಾಖಲೆ ದಿನ ಎಣಿಸಿ ಬರೆದಿದೆ: 21 ವರ್ಷ, 3 ತಿಂಗಳು, 18 ದಿನ. ಪಕ್ಕದಲ್ಲಿ ಅವನ ಅಪ್ಪ ಫೇಬಿಯಸ್ ವಿಕ್ಟರ್.

ಮೊದಲೇ ಒಂದು ಮಾತು. ನಮ್ಮ ಚರ್ಚುಗಳಲ್ಲಿ ಸಂತ ಮ್ಯಾಕ್ಸಿಮಿಲಿಯನ್ ಅಂದ ತಕ್ಷಣ ಜನರಿಗೆ ನೆನಪಾಗುವುದು ಕೋಲ್ಬೆ. 1941ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ಇನ್ನೊಬ್ಬ ಕೈದಿಯ ಬದಲು ತಾನು ಸಾಯುತ್ತೇನೆ ಎಂದ ಪೋಲೆಂಡಿನ ಗುರು. ಅವರು ಬೇರೆ, ಇವನು ಬೇರೆ. ಇವನು ಅವರಿಗಿಂತ ಹದಿನಾರು ಶತಮಾನ ಹಿಂದಿನವನು. ಗುರುವಲ್ಲ, ಸನ್ಯಾಸಿಯಲ್ಲ. ಸೇನೆಗೆ ಸೇರಬೇಕಾಗಿದ್ದ ಒಬ್ಬ ಸಾಧಾರಣ ಯುವಕ. ಮನಸ್ಸಾಕ್ಷಿ ಒಪ್ಪದ ಕಾರಣಕ್ಕೆ ಆಯುಧ ಹಿಡಿಯಲಾರೆ ಅನ್ನುವವರು ಇವತ್ತಿಗೂ ಇವನ ಹೆಸರು ಹೇಳುತ್ತಾರೆ. ಆದರೆ ಬಹಳ ಜನ ಅವನು 'ಇಲ್ಲ' ಅಂದಲ್ಲಿಗೇ ಕತೆ ನಿಲ್ಲಿಸಿಬಿಡುತ್ತಾರೆ. ಆಮೇಲೆ ನಡೆದದ್ದೂ ಅಷ್ಟೇ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೇ ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಕರೆ ಬಂದದ್ದು ಯಾಕೆ

ಆಗ ರೋಮ್ ಸಾಮ್ರಾಜ್ಯಕ್ಕೆ ಡಯೋಕ್ಲೀಷಿಯನ್ ಚಕ್ರವರ್ತಿ. 293ರಿಂದ ಸಾಮ್ರಾಜ್ಯವನ್ನು ನಾಲ್ವರು ಹಂಚಿಕೊಂಡು ಆಳುತ್ತಿದ್ದರು. ಗಡಿಗಳು ಉದ್ದ, ಶತ್ರುಗಳು ಜಾಸ್ತಿ, ಸೇನೆ ದೊಡ್ಡದಾಗುತ್ತಾ ಹೋಗುತ್ತಿತ್ತು. ಸೇನೆಗೆ ಹುಡುಗರನ್ನು ಒದಗಿಸುವುದು ತೆರಿಗೆ ಕಟ್ಟಿದ ಹಾಗೆಯೇ ಒಂದು ಕಡ್ಡಾಯ ಹೊರೆ. ಅದನ್ನು ವಸೂಲಿ ಮಾಡಲು ಒಂದು ಹುದ್ದೆ ಇತ್ತು, ತೆಮೊನಾರಿಯಸ್. ವಿಕ್ಟರ್ ಆ ಹುದ್ದೆಯಲ್ಲಿದ್ದ. ಅಂದರೆ ಬೇರೆಯವರ ಮಕ್ಕಳನ್ನು ಸೇನೆಗೆ ಕಳಿಸುವ ಕೆಲಸವೇ ಅವನದು. ಈಗ ಅವನ ಸ್ವಂತ ಮಗನ ಸರದಿ. ವಕೀಲ ಪಾಂಪೆಯಾನಸ್ ಎದ್ದು, ಹುಡುಗ ಯೋಗ್ಯನಾಗಿದ್ದಾನೆ, ಅಳತೆ ತೆಗೆಯಿರಿ ಎಂದು ಕೇಳಿಕೊಂಡ.

ಇದು ಕ್ರೈಸ್ತರನ್ನು ಹುಡುಕಿ ಹಿಡಿದ ಪ್ರಕರಣ ಅಲ್ಲ, ಇದನ್ನು ಮರೆಯಬಾರದು. ಡಯೋಕ್ಲೀಷಿಯನ್ನನ ದೊಡ್ಡ ಹಿಂಸಾಚಾರ ಶುರುವಾದದ್ದು 303ರಲ್ಲಿ, ಇದಾದ ಎಂಟು ವರ್ಷಕ್ಕೆ. 295ರಲ್ಲಿ ಕ್ರೈಸ್ತನಾಗಿರುವುದಕ್ಕೆ ಯಾರೂ ಅವನನ್ನು ಕೊಲ್ಲುತ್ತಿರಲಿಲ್ಲ. ಸುಮ್ನೆ ಹೆಸರು ಬರೆಸಿ ಬಂದಿದ್ದರೆ ಮನೆಯಲ್ಲಿ ಪ್ರಾರ್ಥನೆ ಮಾಡಿಕೊಂಡು, ಸಂಬಳ ತಗೊಂಡು ಬದುಕಬಹುದಿತ್ತು. ಹಾಗೆ ಬದುಕಿದ ಕ್ರೈಸ್ತ ಸೈನಿಕರು ಬಹಳ ಇದ್ದರು.

ನಮ್ಮಲ್ಲಿ ಸೇನೆಗೆ ಸೇರುವುದು ಅವರವರ ಇಷ್ಟ, ಕಡ್ಡಾಯದ ಕರೆ ಇಲ್ಲ. ಹಾಗಾಗಿ ಈ ಒತ್ತಡ ನಮಗೆ ಅಷ್ಟು ಬೇಗ ಅರ್ಥವಾಗುವುದಿಲ್ಲ. ಆದರೆ ಜೋಳವಾಳಿ ಅನ್ನುವ ಮಾತು ಕನ್ನಡದಲ್ಲಿ ಹಳೆಯದು. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕು. ರೋಮನ್ ಸೈನಿಕನ ಪ್ರಮಾಣವೂ ಹೆಚ್ಚುಕಡಿಮೆ ಅಂಥದ್ದೇ. ಅದನ್ನು ಅವರು 'ಸಾಕ್ರಮೆಂತುಮ್' ಅನ್ನುತ್ತಿದ್ದರು. ಲ್ಯಾಟಿನ್ ಕ್ರೈಸ್ತರು ತಮ್ಮ ದೀಕ್ಷಾಸ್ನಾನಕ್ಕೂ ಅದೇ ಪದ ಬಳಸಿದರು. ಒಬ್ಬ ಮನುಷ್ಯ ಇಂಥ ಎರಡು ಪ್ರಮಾಣ ಮಾಡಬಹುದೇ? ಆ ಚೌಕದಲ್ಲಿ ಎದ್ದದ್ದು ಇದೇ ಪ್ರಶ್ನೆ.

ವಿಚಾರಣೆ

ದಾಖಲೆ ಚಿಕ್ಕದು. ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದು. ಕೋರ್ಟಿನ ಕಡತದ ಹಾಗೆ, ಡಿಯೋನ್ ಹೀಗಂದ, ಮ್ಯಾಕ್ಸಿಮಿಲಿಯನ್ ಹೀಗಂದ, ಅಷ್ಟೇ. ಪವಾಡ ಇಲ್ಲ, ಸಿಂಹ ಇಲ್ಲ, ಬೆಂಕಿ ಇಲ್ಲ. ಕೆಲವು ಇತಿಹಾಸಕಾರರು ಇದನ್ನು ಆಮೇಲಿನವರು ಬರೆದದ್ದು ಎಂದು ವಾದಿಸಿದ್ದಾರೆ. ಬಹಳ ಜನ ಇದನ್ನು ನಂಬಬಹುದಾದ ಹಳೆಯ ದಾಖಲೆ ಎಂದೇ ಇಟ್ಟುಕೊಂಡಿದ್ದಾರೆ. ಓದುವಾಗ ನನಗೂ ಹಾಗೇ ಅನ್ನಿಸುತ್ತದೆ. ಕತೆ ಕಟ್ಟುವವನು ಎತ್ತರದ ಅಂಗುಲ ಬರೆಯಲು ಕೂರುವುದಿಲ್ಲ.

ಡಿಯೋನ್ ಮೊದಲು ಹೆಸರು ಕೇಳಿದ.

"ನನ್ನ ಹೆಸರು ನಿಮಗೆ ಯಾಕೆ? ನಾನು ಸೇನೆಗೆ ಸೇರುವ ಹಾಗಿಲ್ಲ. ನಾನು ಕ್ರೈಸ್ತ."

ಡಿಯೋನ್ ಅವನಿಗೆ ಉತ್ತರ ಕೊಡಲಿಲ್ಲ. ಸಿಬ್ಬಂದಿಗೆ, ಇವನನ್ನು ಸಿದ್ಧ ಮಾಡಿ ಅಂದ. ದಿನಾ ನೂರು ಜನರನ್ನು ನೋಡುವ ಅಧಿಕಾರಿಯ ಅಭ್ಯಾಸ ಅದು. ಅಳತೆಗೆ ನಿಲ್ಲಿಸುತ್ತಿರುವಾಗ ಹುಡುಗ ಮತ್ತೆ ಹೇಳಿದ: "ನಾನು ಸೇರಲಾರೆ. ಕೆಟ್ಟದ್ದು ಮಾಡಲಾರೆ. ನಾನು ಕ್ರೈಸ್ತ." ಅಳತೆ ಆಯಿತು. ಎತ್ತರ ಓದಿದರು. ಮುದ್ರೆ ಹಾಕಿ ಅಂದ ಡಿಯೋನ್.

ಮುದ್ರೆ ಅಂದರೆ ಸೀಸದ ಒಂದು ಚಿಕ್ಕ ಬಿಲ್ಲೆ. ಹೊಸ ಸೈನಿಕನ ಕೊರಳಿಗೆ ಹಾಕುವುದು. ಇವನು ಇನ್ನು ಮೇಲೆ ಸೇನೆಯವನು ಅನ್ನುವ ಗುರುತು. ವಿಚಾರಣೆ ಪೂರ್ತಿ ಈ ಬಿಲ್ಲೆಯ ಸುತ್ತಲೇ ಸುತ್ತುತ್ತದೆ. ಸಿಬ್ಬಂದಿ ಹಾಕಲು ಬರುತ್ತಾರೆ, ಹುಡುಗ ಕೊಸರಿಕೊಳ್ಳುತ್ತಾನೆ. ಮತ್ತೆ ಬರುತ್ತಾರೆ, ಮತ್ತೆ ಕೊಸರಿಕೊಳ್ಳುತ್ತಾನೆ.

"ಸೇರು. ಇಲ್ಲದಿದ್ದರೆ ಸಾಯುತ್ತೀಯ."

"ಸೇರಲ್ಲ. ಬೇಕಿದ್ದರೆ ತಲೆ ಕಡಿಯಿರಿ. ನಾನು ಈ ಲೋಕದ ಸೈನಿಕನಲ್ಲ, ನನ್ನ ದೇವರ ಸೈನಿಕ."

"ಇದನ್ನೆಲ್ಲ ನಿನ್ನ ತಲೆಗೆ ತುಂಬಿದವರು ಯಾರು?"

"ನನ್ನ ಮನಸ್ಸು. ಮತ್ತೆ ನನ್ನನ್ನು ಕರೆದವನು."

ಆಗ ಡಿಯೋನ್ ಅಪ್ಪನ ಕಡೆ ತಿರುಗಿದ. ನಿನ್ನ ಮಗನಿಗೆ ಬುದ್ಧಿ ಹೇಳು ಅಂದ. ನಮ್ಮ ಊರುಗಳಲ್ಲೂ ಹೀಗೆಯೇ ಅಲ್ವಾ? ಹುಡುಗ ಮಾತು ಕೇಳದಿದ್ದರೆ ಹಿರಿಯರು ಅಪ್ಪನನ್ನು ಹಿಡಿಯುತ್ತಾರೆ. ವಿಕ್ಟರ್ ಆಡಿದ್ದು ಇಷ್ಟೇ: "ತನಗೆ ಯಾವುದು ಒಳ್ಳೆಯದು ಅಂತ ಅವನಿಗೆ ಗೊತ್ತು."

ಈ ಮಾತಿನ ಬೆಲೆ ಏನು ಅಂತ ಯೋಚಿಸಿ ನೋಡಿ. ಅವನು ಸರ್ಕಾರದ ಹೊಣೆ ಹೊತ್ತವನು. ಹುಡುಗರನ್ನು ತಂದು ಒಪ್ಪಿಸಬೇಕಾದವನು. ಮಗನ ಪರ ವಾದಿಸಿದರೆ ತನಗೂ ಕುತ್ತು. ಸೇರು ಅಂದರೆ ಮಗ ಉಳಿದಾನು. ಅವನು ಎರಡೂ ಮಾಡಲಿಲ್ಲ. ಮಗನ ತೀರ್ಮಾನವನ್ನು ಮಗನಿಗೇ ಬಿಟ್ಟ. ನನಗೆ ಈ ಪ್ರಕರಣದಲ್ಲಿ ಅತಿ ಕಷ್ಟದ ಜಾಗ ವಿಕ್ಟರ್ ನಿಂತಿದ್ದ ಜಾಗ.

ಡಿಯೋನ್ ಬಿಡಲಿಲ್ಲ. ಮುದ್ರೆ ತಗೊ ಅಂದ. ನನ್ನ ಮೇಲೆ ಆಗಲೇ ಕ್ರಿಸ್ತನ ಗುರುತು ಇದೆ ಅಂದ ಹುಡುಗ. ಹಾಗಾದರೆ ಈಗಲೇ ನಿನ್ನ ಕ್ರಿಸ್ತನ ಹತ್ತಿರ ಕಳಿಸುತ್ತೇನೆ ಅಂದ ಡಿಯೋನ್. ಈಗಲೇ ಕಳಿಸಿ, ನನಗೆ ಅದೇ ಹಿರಿಮೆ ಅಂದ ಹುಡುಗ. ನೀವು ಬಲವಂತವಾಗಿ ಹಾಕಿದರೂ ಮುರಿದು ಹಾಕುತ್ತೇನೆ, ನನ್ನ ಪ್ರಭುವಿನ ಗುರುತು ಪಡೆದ ಮೇಲೆ ಈ ಕೊರಳಲ್ಲಿ ಸೀಸದ ತುಂಡು ಹೊರುವ ಹಾಗಿಲ್ಲ ಅಂದ.

ಡಿಯೋನ್‌ನನ್ನು ರಾಕ್ಷಸನ ಹಾಗೆ ಚಿತ್ರಿಸುವುದು ಸುಲಭ. ದಾಖಲೆ ಹಾಗೆ ಚಿತ್ರಿಸುವುದಿಲ್ಲ. ನಿನ್ನ ವಯಸ್ಸು ನೋಡಿಕೊ, ಯುವಕನಿಗೆ ಇದು ತಕ್ಕ ಕೆಲಸ ಎಂದು ಅವನು ಸಮಾಧಾನವಾಗಿಯೂ ಹೇಳುತ್ತಾನೆ. ಮತ್ತೆ ಮತ್ತೆ ಅವಕಾಶ ಕೊಡುತ್ತಾನೆ. ಕೊನೆಗೆ ತನ್ನ ಅತಿ ಬಲವಾದ ವಾದ ಮುಂದಿಟ್ಟ: ನಮ್ಮ ಚಕ್ರವರ್ತಿಗಳ ಅಂಗರಕ್ಷಕ ಪಡೆಯಲ್ಲೇ ಕ್ರೈಸ್ತ ಸೈನಿಕರಿದ್ದಾರೆ, ಅವರು ಸೇವೆ ಮಾಡುತ್ತಿಲ್ಲವೇ?

"ಅವರಿಗೆ ಯಾವುದು ಸರಿ ಅಂತ ಅವರಿಗೆ ಗೊತ್ತು. ನಾನು ಕ್ರೈಸ್ತ. ನಾನು ಕೆಟ್ಟದ್ದು ಮಾಡಲಾರೆ."

"ಸೇವೆ ಮಾಡುವವರು ಏನು ಕೆಟ್ಟದ್ದು ಮಾಡುತ್ತಾರೆ?"

"ಅವರು ಏನು ಮಾಡುತ್ತಾರೆ ಅಂತ ನಿಮಗೇ ಗೊತ್ತು."

ಆ 'ಕೆಟ್ಟದ್ದು' ಯಾವುದು

ವಿದ್ವಾಂಸರು ಹೆಚ್ಚು ಜಗಳ ಆಡಿರುವುದು ಇಲ್ಲೇ. ಒಂದು ಗುಂಪು, ಹುಡುಗನಿಗೆ ಬೇಡವಾಗಿದ್ದು ವಿಗ್ರಹ ಪೂಜೆ ಅನ್ನುತ್ತದೆ. ಸೇನೆಯಲ್ಲಿ ಚಕ್ರವರ್ತಿಯ ಹೆಸರಲ್ಲಿ ಬಲಿ, ಧೂಪ, ಧ್ವಜಗಳಿಗೆ ಪೂಜೆ ಎಲ್ಲ ಇತ್ತು. ಇನ್ನೊಂದು ಗುಂಪು, ಅವನಿಗೆ ಬೇಡವಾಗಿದ್ದು ರಕ್ತ ಅನ್ನುತ್ತದೆ.

ನಾನು ಎರಡನೆಯವರ ಜೊತೆ. ಕಾರಣ ಹೇಳುತ್ತೇನೆ. ಮೂರೇ ವರ್ಷಕ್ಕೆ, 298ರಲ್ಲಿ, ಅದೇ ಉತ್ತರ ಆಫ್ರಿಕಾದ ಇನ್ನೊಂದು ತುದಿಯಲ್ಲಿ, ಈಗಿನ ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ, ಮಾರ್ಸೆಲಸ್ ಎಂಬ ಸೇನಾಧಿಕಾರಿಗೆ ಮರಣದಂಡನೆ ಆಯಿತು. ಚಕ್ರವರ್ತಿಗಳ ಹಬ್ಬದ ದಿನ ಅವನು ಸೈನಿಕನ ಸೊಂಟಪಟ್ಟಿ ಬಿಚ್ಚಿ ಧ್ವಜಗಳ ಮುಂದೆ ಎಸೆದಿದ್ದ. ಅವನ ದಾಖಲೆಯ ಒಂದು ಪಾಠದಲ್ಲಿ, ಮರದ ಕಲ್ಲಿನ ನಿಮ್ಮ ದೇವರುಗಳನ್ನು ಪೂಜಿಸುವುದಿಲ್ಲ ಎಂದು ಬಿಡಿಸಿ ಹೇಳುತ್ತಾನೆ. ವಿಗ್ರಹದ ತಕರಾರು ಇದ್ದವರು ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಮ್ಯಾಕ್ಸಿಮಿಲಿಯನ್ ವಿಗ್ರಹದ ಸುದ್ದಿಯನ್ನೇ ಎತ್ತುವುದಿಲ್ಲ. ಡಿಯೋನ್ ಕೂಡ ಧೂಪ ಹಾಕು ಅಂತ ಒಂದು ಸಲವೂ ಕೇಳುವುದಿಲ್ಲ. ಹುಡುಗ ಬಳಸುವ ಮಾತು ಒಂದೇ, ಕೆಟ್ಟದ್ದು ಮಾಡಲಾರೆ. ಸೈನಿಕರು ಏನು ಮಾಡುತ್ತಾರೆ ಅಂತ ಒಬ್ಬ ಪ್ರೊಕಾನ್ಸಲ್‌ಗೆ ಬಿಡಿಸಿ ಹೇಳಬೇಕೇ?

ಇನ್ನೊಂದು ಎಳೆಯೂ ಇದೆ. ಆ ಪ್ರಾಂತದ ಕ್ರೈಸ್ತರಿಗೆ ದೊಡ್ಡ ಹೆಸರು ಸಿಪ್ರಿಯನ್, ಈಗಿನ ಟ್ಯುನೀಸಿಯಾದಲ್ಲಿದ್ದ ಕಾರ್ಥೇಜ್ ನಗರದ ಬಿಷಪ್. 258ರಲ್ಲಿ ರಕ್ತಸಾಕ್ಷಿಯಾದವರು. ತಮ್ಮ ಗೆಳೆಯನಿಗೆ ಬರೆದ ಒಂದು ಬರಹದಲ್ಲಿ ಅವರು ಹೇಳುವುದು ಇದು: ಒಬ್ಬನು ಕೊಂದರೆ ಅಪರಾಧ, ಅದನ್ನೇ ಸರ್ಕಾರದ ಹೆಸರಲ್ಲಿ ಎಲ್ಲರೂ ಸೇರಿ ಮಾಡಿದರೆ ಶೌರ್ಯ ಅನ್ನುತ್ತಾರೆ. ಹುಡುಗ ಬೆಳೆದ ಗಾಳಿಯಲ್ಲಿ ಈ ಮಾತಿತ್ತು.

ಆದರೆ ಅವನ ಉತ್ತರದ ಮೊದಲ ಭಾಗವನ್ನು ಹಾರಿಸಬಾರದು. 'ಅವರಿಗೆ ಯಾವುದು ಸರಿ ಅಂತ ಅವರಿಗೆ ಗೊತ್ತು.' ಸೇನೆಯಲ್ಲಿರುವ ಕ್ರೈಸ್ತರನ್ನು ಅವನು ದ್ರೋಹಿಗಳು ಅನ್ನಲಿಲ್ಲ. ಅವರ ತೀರ್ಪು ತಾನು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಅಪ್ಪ ಮಗನ ಬಗ್ಗೆ ಆಡಿದ ಮಾತೂ ಹೆಚ್ಚುಕಡಿಮೆ ಇದೇ. ಅಪ್ಪ ಮಗನಿಗೆ ಕೊಟ್ಟ ಮರ್ಯಾದೆಯನ್ನು ಮಗ ಮುಖ ಕಾಣದ ಸೈನಿಕರಿಗೂ ಕೊಟ್ಟ. ಹಾಗಂತ ಕೆಟ್ಟದ್ದನ್ನು ಕೆಟ್ಟದ್ದು ಅನ್ನುವುದನ್ನೂ ಬಿಡಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಬಹಳ ಕಷ್ಟ. ಶಾಂತಿಯ ಕೆಲಸ ಮಾಡುವ ಎಷ್ಟೋ ಒಳ್ಳೆಯವರು ಸೋಲುವುದು ಇಲ್ಲೇ. ಯುದ್ಧ ಬೇಡ ಅನ್ನುತ್ತಾ ಅನ್ನುತ್ತಾ ಸೈನಿಕನ ಮೇಲೇ ಕೋಪ ಬೆಳೆಸಿಕೊಂಡುಬಿಡುತ್ತೇವೆ.

ಡಿಯೋನ್ ಕೊನೆಗೆ, ಇವನ ಹೆಸರು ಹೊಡೆದುಹಾಕಿ ಅಂದ. ಪಟ್ಟಿಯಿಂದ ಹೆಸರು ಹೋಯಿತು. ನಂತರ ಹಲಗೆಯಿಂದ ತೀರ್ಪು ಓದಿದ: ನಿಷ್ಠೆಯಿಲ್ಲದ ಮನಸ್ಸಿನಿಂದ ಸೈನಿಕ ಪ್ರಮಾಣ ನಿರಾಕರಿಸಿದ್ದಕ್ಕೆ ಮ್ಯಾಕ್ಸಿಮಿಲಿಯನ್‌ಗೆ ಕತ್ತಿಯಿಂದ ಶಿಕ್ಷೆ. ತೀರ್ಪಿನಲ್ಲಿ ಕ್ರೈಸ್ತ ಅನ್ನುವ ಪದ ಇಲ್ಲ. ಅವನು ಸತ್ತದ್ದು ಪ್ರಮಾಣ ಮಾಡಲಾರೆ ಎಂದದ್ದಕ್ಕೆ.

"ದೇವರಿಗೆ ಸ್ತೋತ್ರ" ಅಂದ ಅವನು.

ಆಮೇಲಿನ ದಾರಿ

ಇಪ್ಪತ್ತು ವರ್ಷ ಕಳೆಯುವುದರೊಳಗೆ ಎಲ್ಲ ತಿರುಗಿತು. ಹೊಸ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಕಡೆ ವಾಲಿದ. 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್ ಊರಲ್ಲಿ ಸೇರಿದ ಬಿಷಪ್‌ಗಳ ಸಭೆ, ಶಾಂತಿಕಾಲದಲ್ಲಿ ಆಯುಧ ಎಸೆಯುವವರನ್ನು ಧರ್ಮಸಭೆಯ ಸಹವಾಸದಿಂದ ದೂರ ಇಡಬೇಕು ಎಂದು ನಿಯಮ ಮಾಡಿತು. ತೆವೆಸ್ತೆಯಿಂದ ಬಹಳ ದೂರವಲ್ಲದ ತಗಾಸ್ತೆಯಲ್ಲಿ 354ರಲ್ಲಿ ಹುಟ್ಟಿ ಮುಂದೆ ಬಿಷಪ್ ಆದ ಅಗಸ್ಟೀನ್, ಯಾವ ಯುದ್ಧ ನ್ಯಾಯದ್ದು ಎಂದು ಯೋಚಿಸಲು ಕೂತರು. 416ರ ಹೊತ್ತಿಗೆ ಹಳೆಯ ದೇವರುಗಳನ್ನು ಪೂಜಿಸುವವರನ್ನು ಸೇನೆಗೂ ಸರ್ಕಾರಿ ಕೆಲಸಕ್ಕೂ ಸೇರಿಸಬಾರದು ಅನ್ನುವ ಕಾನೂನೇ ಬಂತು. ಸೇನೆ ಈಗ ಕ್ರೈಸ್ತರದ್ದು. ಇಷ್ಟೆಲ್ಲ ಆದರೂ ಮ್ಯಾಕ್ಸಿಮಿಲಿಯನ್‌ನ ಹಬ್ಬ ಮಾರ್ಚ್ 12ಕ್ಕೆ ಉಳಿಯಿತು. ಅವನನ್ನು ಸಂತರ ಪಟ್ಟಿಯಿಂದ ಯಾರೂ ಹೊಡೆದುಹಾಕಲಿಲ್ಲ.

ಅವನ ದಾರಿಯಲ್ಲಿ ಬಹಳ ಹತ್ತಿರ ನಡೆದವರು ಯಾರು ಅಂದರೆ ನಾನು ಫ್ರಾನ್ಸ್ ಯೆಗರ್‌ಸ್ಟೆಟರ್ ಹೆಸರು ಹೇಳುತ್ತೇನೆ. ಆಸ್ಟ್ರಿಯಾದ ಸಂಕ್ಟ್ ರಾಡೆಗುಂಡ್ ಹಳ್ಳಿಯ ರೈತ, ಊರ ಚರ್ಚಿನಲ್ಲಿ ಪೂಜೆಯ ಸಿದ್ಧತೆ ನೋಡಿಕೊಳ್ಳುತ್ತಿದ್ದವರು. ಹಿಟ್ಲರನ ಸೇನೆಗೆ 1943ರ ಫೆಬ್ರವರಿಯಲ್ಲಿ ಕರೆ ಬಂದಾಗ, ಮಾರ್ಚಲ್ಲಿ ಹೋಗಿ ಹಾಜರಾಗಿ, ಹೋರಾಡಲಾರೆ ಅಂದರು. ಗಾಯಾಳುಗಳ ಸೇವೆಗೆ ಹಾಕಿ, ಮಾಡುತ್ತೇನೆ ಎಂದೂ ಕೇಳಿಕೊಂಡರು. ಕೊಡಲಿಲ್ಲ. ಅವರಿಗೂ ಡಿಯೋನ್‌ನ ವಾದವನ್ನೇ ಹೇಳಿದರು: ಬೇರೆ ಕ್ಯಾಥೊಲಿಕರು ಹೋಗುತ್ತಿಲ್ಲವೇ? ಅವರ ಬಿಷಪ್ಪರೇ, ಹೆಂಡತಿ ಮಕ್ಕಳನ್ನು ನೋಡಿಕೊ ಎಂದು ಬುದ್ಧಿ ಹೇಳಿದ್ದರು. ಮೂವರು ಚಿಕ್ಕ ಹೆಣ್ಣುಮಕ್ಕಳು. ಜೈಲಿನಲ್ಲಿ ಒಂದು ಸುದ್ದಿ ಅವರಿಗೆ ಧೈರ್ಯ ಕೊಟ್ಟಿತು. ಫ್ರಾನ್ಸ್ ರೈನಿಶ್ ಎಂಬ ಗುರು ಹಿಂದಿನ ವರ್ಷ ಇದೇ ಕಾರಣಕ್ಕೆ ಪ್ರಾಣ ಕೊಟ್ಟಿದ್ದರು. ತಾನು ಒಬ್ಬಂಟಿ ಅಲ್ಲ ಅಂತ ಗೊತ್ತಾಯಿತು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗ್‌ನಲ್ಲಿ ಅವರ ತಲೆ ಕಡಿದರು. 36 ವರ್ಷ. ಹೆಂಡತಿ ಫ್ರಾನ್ಸಿಸ್ಕಾ ಮೊದಲು ಬೇಡ ಎಂದು ಕೇಳಿಕೊಂಡವರು, ಆಮೇಲೆ ಗಂಡನ ಜೊತೆ ನಿಂತರು. ಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಅವರಿಗೆ ವಿಧವಾ ಪಿಂಚಣಿ ಸಿಗಲಿಲ್ಲ. 2007ರಲ್ಲಿ ಲಿಂಟ್ಸ್ ನಗರದಲ್ಲಿ ಫ್ರಾನ್ಸ್ ಅವರನ್ನು ಧನ್ಯರೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಸಾರಿದಾಗ 94ರ ಫ್ರಾನ್ಸಿಸ್ಕಾ ಅಲ್ಲಿದ್ದರು.

ವಿಕ್ಟರ್ ನಿಂತಿದ್ದ ಜಾಗದಲ್ಲೇ ಫ್ರಾನ್ಸಿಸ್ಕಾ ನಿಂತರು. ಒಲ್ಲೆ ಅನ್ನುವವನ ಹಿಂದೆ ಯಾವಾಗಲೂ ಇಂಥ ಒಬ್ಬರು ಇರುತ್ತಾರೆ. ಅವರ ಬಗ್ಗೆ ನಾವು ಕಡಿಮೆ ಬರೆದಿದ್ದೇವೆ.

1965ರಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ, ಮನಸ್ಸಾಕ್ಷಿಯ ಕಾರಣಕ್ಕೆ ಆಯುಧ ಹಿಡಿಯಲು ಒಪ್ಪದವರಿಗೆ ಕಾನೂನು ಮನುಷ್ಯತ್ವದಿಂದ ದಾರಿ ಮಾಡಿಕೊಡಬೇಕು, ಅವರು ಬೇರೆ ರೀತಿಯಲ್ಲಿ ಸಮಾಜದ ಸೇವೆ ಮಾಡಲಿ ಎಂದಿತು. ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧ ಜೋರಾಗಿದ್ದ ಕಾಲ ಅದು. ಆ ಯುದ್ಧವನ್ನು ವಿರೋಧಿಸಿದ ಪಾದ್ರಿಗಳ ಒಂದು ಗುಂಪು 1970ರ ದಶಕದಲ್ಲಿ ತಮ್ಮನ್ನು 'ಆರ್ಡರ್ ಆಫ್ ಮ್ಯಾಕ್ಸಿಮಿಲಿಯನ್' ಎಂದೇ ಕರೆದುಕೊಂಡಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಕ್ಯಾಥೊಲಿಕ್ ಸೈನಿಕನ ಅರ್ಜಿ ಬಂತು. ಎಲ್ಲ ಯುದ್ಧಗಳನ್ನೂ ಅಲ್ಲ, ಅನ್ಯಾಯದ ಈ ಒಂದು ಯುದ್ಧವನ್ನು ಮಾಡಲಾರೆ ಅನ್ನುವುದು ಅವನ ವಾದ. ಅಗಸ್ಟೀನ್ ಕಲಿಸಿದ ಪಾಠವೇ ಅದು. ಕೋರ್ಟು ಒಪ್ಪಲಿಲ್ಲ. ಎಂಟು ಜನ ಒಂದು ಕಡೆ, ಒಬ್ಬರು ಮಾತ್ರ ಇನ್ನೊಂದು ಕಡೆ. ಎಲ್ಲ ಯುದ್ಧ ಬೇಡ ಅನ್ನುವವನಿಗೆ ಮಾತ್ರ ವಿನಾಯಿತಿ, ಆರಿಸಿಕೊಳ್ಳುವ ಹಾಗಿಲ್ಲ ಎಂದಿತು. ಇದು ನನಗೆ ಇವತ್ತಿಗೂ ತಪ್ಪು ಅನ್ನಿಸುತ್ತದೆ. ಆ ನಿಯಮದಲ್ಲಿ ಮ್ಯಾಕ್ಸಿಮಿಲಿಯನ್‌ಗೆ ಜಾಗ ಸಿಗುತ್ತಿತ್ತು, ಹಿಟ್ಲರನ ಅನ್ಯಾಯದ ಯುದ್ಧವನ್ನು ಒಲ್ಲೆ ಎಂದ ಯೆಗರ್‌ಸ್ಟೆಟರ್‌ಗೆ ಸಿಗುತ್ತಿತ್ತೇ?

ಹೊಸ ಬಟ್ಟೆ

ಈಗ ತೆವೆಸ್ತೆಗೆ ವಾಪಸ್. ತೀರ್ಪು ಆಗಿದೆ. ತಲೆ ಕಡಿಯುವ ಜಾಗಕ್ಕೆ ಹುಡುಗನನ್ನು ಕರೆದೊಯ್ಯುತ್ತಿದ್ದಾರೆ. ಸುತ್ತ ಊರಿನ ಕ್ರೈಸ್ತರು. ಅವರಿಗೆ ಅವನು ಎರಡು ಮಾತು ಧೈರ್ಯ ಹೇಳಿದ. ಆಮೇಲೆ ನಗುಮುಖದಿಂದ ಅಪ್ಪನ ಕಡೆ ತಿರುಗಿದ.

"ಅಪ್ಪಾ, ಸೇನೆಗೆ ಅಂತ ನನಗೆ ಹೊಸ ಬಟ್ಟೆ ಮಾಡಿಸಿದ್ದೆಯಲ್ಲ, ಅದನ್ನು ಇವನಿಗೆ ಕೊಟ್ಟುಬಿಡು."

ಇವನು ಅಂದರೆ ಕತ್ತಿ ಹಿಡಿದು ನಿಂತ ಸೈನಿಕ.

ಎಷ್ಟು ಸಲ ಓದಿದರೂ ನಾನು ಇಲ್ಲಿಗೆ ಬಂದು ನಿಲ್ಲುತ್ತೇನೆ. ಅಪ್ಪ ಬಟ್ಟೆ ಮಾಡಿಸಿದ್ದ. ಮಗ ಹೋಗುತ್ತಾನೆ ಅಂದುಕೊಂಡೇ ಮಾಡಿಸಿದ್ದನೋ, ಹುದ್ದೆಯಲ್ಲಿ ಇದ್ದವನು ಮಾಡಿಸದೆ ಇರಲಾಗದು ಎಂದು ಮಾಡಿಸಿದ್ದನೋ. ದುಡ್ಡು ಕೊಟ್ಟು ಮಾಡಿಸಿದ ಹೊಸ ಬಟ್ಟೆ. ಮಗ ಅದನ್ನು ಒಂದು ದಿನವೂ ತೊಡಲಿಲ್ಲ. ಈಗ ಅದು ತನ್ನ ಕೊರಳಿಗೆ ಕತ್ತಿ ಇಡುವವನಿಗೆ ಇರಲಿ ಅನ್ನುತ್ತಾನೆ. ಸೀಸದ ಬಿಲ್ಲೆಯನ್ನು ಮುರಿದು ಹಾಕುತ್ತೇನೆ ಎಂದವನು ಸೈನಿಕನ ಬಟ್ಟೆಯನ್ನು ಹರಿದು ಹಾಕು ಅನ್ನಲಿಲ್ಲ. ಸೈನಿಕನಿಗೆ ಕೊಡು ಅಂದ.

ಸಿಪ್ರಿಯನ್ ಕೂಡ ಹೀಗೆಯೇ ಮಾಡಿದ್ದರು. 258ರಲ್ಲಿ ತೀರ್ಪು ಕೇಳಿ ದೇವರಿಗೆ ಸ್ತೋತ್ರ ಅಂದರು, ತಲೆ ಕಡಿಯಲು ಬಂದವನಿಗೆ 25 ಚಿನ್ನದ ನಾಣ್ಯ ಕೊಡಿಸಿದರು. ಬಿಷಪ್ಪರ ಹತ್ತಿರ ಚಿನ್ನ ಇತ್ತು. ಈ ಹುಡುಗನ ಹತ್ತಿರ ಇದ್ದದ್ದು ಒಂದು ಜೊತೆ ಬಟ್ಟೆ.

ಸೇನೆ ಬೇಡ ಎಂದ ಎಲ್ಲರೂ ಶಾಂತಿ ತರುವವರಲ್ಲ. ಬೇಡ ಅಂದು ಬಾಗಿಲು ಹಾಕಿಕೊಂಡು ಕೂರಬಹುದು. ಆ ಹೊತ್ತಿನಲ್ಲಿ ಅವನ ಎದುರಿಗೆ ಇದ್ದ ಒಬ್ಬನೇ ಶತ್ರು ಅಂದರೆ ಕತ್ತಿಯವನು. ಮ್ಯಾಕ್ಸಿಮಿಲಿಯನ್ ಅವನನ್ನು ಶತ್ರುವಾಗಿ ಉಳಿಸಲಿಲ್ಲ. ಅಪ್ಪನ ಕೈಯಿಂದಲೇ ಕೊಡಿಸಿದ್ದರಿಂದ, ನಾಳೆ ಆ ಸೈನಿಕನನ್ನು ಊರಲ್ಲಿ ನೋಡಿದಾಗ ಅಪ್ಪನ ಎದೆಯಲ್ಲಿ ಹಗೆ ಮೂಡದ ಹಾಗೂ ನೋಡಿಕೊಂಡ. ಇದು ನನ್ನ ಓದು. ದಾಖಲೆ ಇಷ್ಟನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ಆ ಮಾತು ಆಡಿದ, ತಲೆ ಕಡಿದರು ಅನ್ನುತ್ತದೆ, ಅಷ್ಟೇ.

ಪಾಂಪೆಯಾನಾ ಎಂಬ ಹಿರಿಯ ಹೆಂಗಸು ಅಧಿಕಾರಿಯನ್ನು ಕೇಳಿ ಹೆಣ ಪಡೆದುಕೊಂಡಳು. ತನ್ನ ಪಲ್ಲಕ್ಕಿಯಲ್ಲಿ ಮಲಗಿಸಿದಳು. ಕಾರ್ಥೇಜ್ ಅಲ್ಲಿಂದ 250 ಕಿಲೋಮೀಟರಿಗೂ ಜಾಸ್ತಿ ದೂರ. ಅಷ್ಟು ದೂರ ಹೊರಿಸಿಕೊಂಡು ಹೋಗಿ, ಸಿಪ್ರಿಯನ್ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿಸಿದಳು. ಹದಿಮೂರು ದಿನಕ್ಕೆ ಅವಳೂ ತೀರಿಕೊಂಡಳು. ಅವಳನ್ನೂ ಅಲ್ಲೇ ಮಣ್ಣು ಮಾಡಿದರು.

ವಿಕ್ಟರ್ ಮನೆಗೆ ಹೋದ. ಇಂಥ ಕಾಣಿಕೆಯನ್ನು ಮುಂದಾಗಿ ಕಳಿಸಿದೆ, ನಾನೂ ಬೇಗ ಹಿಂದೆ ಬರುತ್ತೇನೆ ಎಂದು ದೇವರಿಗೆ ಸ್ತೋತ್ರ ಹೇಳುತ್ತಾ, ಸಂತೋಷದಿಂದ ಹೋದ ಎಂದು ದಾಖಲೆ ಬರೆಯುತ್ತದೆ. ಬೆಳಿಗ್ಗೆ ಮಗನ ಜೊತೆ ಬಂದ ದಾರಿಯಲ್ಲೇ ಹೋಗಿರಬೇಕು.